ಜಮೀನು ಯಾರ ಹೆಸರಿಗೆ ಹೋಯ್ತು?

ಡಬ್ಲಿನ್ ನಗರದ ನಡುವೆ ಹರಿಯುವ ಲಿಫಿ ನದಿಯ ಉತ್ತರ ದಂಡೆಯಲ್ಲಿ, ನಾನು ದಿನಾ ಬಸ್ಸಿಗೆ ಕಾಯುವ ಜಾಗದ ಹೆಸರು ಆರ್ಮಂಡ್ ಕೀ. ಬಂದ ಹೊಸದರಲ್ಲಿ ಬೋರ್ಡಿನ ಇಂಗ್ಲಿಷ್ ಅಕ್ಷರ ನೋಡಿಕೊಂಡು ‘ಕ್ವೇ, ಕ್ವೇ’ ಎನ್ನುತ್ತಿದ್ದೆ. ಬಸ್ಸಿನಲ್ಲಿ ಪಕ್ಕ ಕೂತಿದ್ದ ಅಜ್ಜಿಯೊಬ್ಬರು ನಕ್ಕು, ಬೀಗದ ಕೀ ಇದೆಯಲ್ಲ, ಹಾಗೇ ಹೇಳಬೇಕು ಎಂದು ತಿದ್ದಿದರು. ದೋಣಿ ನಿಲ್ಲಿಸಲು ಕಲ್ಲು ಕಟ್ಟಿದ ದಂಡೆ ಎಂದು ಅರ್ಥ. ಕೀ ಎಂದರೇನು ಎಂದು ಗೊತ್ತಾಯಿತು, ಆರ್ಮಂಡ್ ಎಂದರೆ ಯಾರು ಎಂದು ಹನ್ನೊಂದು ವರ್ಷ ನಾನು ಯಾರನ್ನೂ ಕೇಳಲಿಲ್ಲ. ಬೀದಿಯ ಹೆಸರಿನ ಹಿಂದೆ ಒಬ್ಬ ಮನುಷ್ಯ ಇರುತ್ತಾನೆ ಎಂದು ನಮಗೆ ಹೊಳೆಯುವುದೇ ಕಡಿಮೆ.

ಕೇಳಬೇಕೆನಿಸಿದ್ದು ಕಳೆದ ವರ್ಷ, ಐರ್ಲೆಂಡಿನ ಪೌರತ್ವಕ್ಕೆ ಅರ್ಜಿ ಹಾಕಿದ ಮೇಲೆ. ಅರ್ಜಿ ಮಂಜೂರಾದರೆ ಕೊನೆಗೊಂದು ಸಮಾರಂಭ ಇರುತ್ತದೆ. ಕಿಲಾರ್ನಿಯಂಥ ಊರಿನ ದೊಡ್ಡ ಸಭಾಂಗಣದಲ್ಲಿ ನೂರಾರು ಜನರ ಜೊತೆ ಎದ್ದು ನಿಂತು, ಈ ನಾಡಿಗೆ ವಿಧೇಯಳಾಗಿರುತ್ತೇನೆ, ಈ ಪ್ರಭುತ್ವಕ್ಕೆ ನಿಷ್ಠಳಾಗಿರುತ್ತೇನೆ ಎಂದು ಬಾಯಿಬಿಟ್ಟು ಹೇಳಬೇಕು. ಭಾರತ ಎರಡು ಪೌರತ್ವ ಒಪ್ಪುವುದಿಲ್ಲವಾದ್ದರಿಂದ ಆಮೇಲೆ ನಮ್ಮ ಪಾಸ್‌ಪೋರ್ಟನ್ನು ರಾಯಭಾರ ಕಚೇರಿಗೆ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಪಡೆಯಬೇಕು. ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ಆದರೂ ಅರ್ಜಿಯ ಹಾಳೆಯಲ್ಲಿ ಆ ಪ್ರಮಾಣವಚನ ಓದುವಾಗ ‘ನಿಷ್ಠೆ’ ಎಂಬ ಮಾತಿನ ಹತ್ತಿರ ಕಣ್ಣು ನಿಂತುಬಿಟ್ಟಿತು. ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ಬಲಗೈ ಮುಂದೆ ಚಾಚಿ ಪ್ರತಿಜ್ಞೆ ಹೇಳಿದ್ದೇನೆ, ನಿಜ. ಆಗ ನನ್ನ ಗಮನವೆಲ್ಲ ಮುಂದೆ ನಿಂತವಳ ಜಡೆಯ ಮೇಲೆ ಇರುತ್ತಿತ್ತು. ನಲವತ್ತೆರಡನೇ ವಯಸ್ಸಿನಲ್ಲಿ ಅಂಥದೇ ಮಾತನ್ನು ಅರ್ಥ ತಿಳಿದು ಹೇಳುವುದು ಬೇರೆ.

ಅದೇ ವಾರ ಮಳೆ ಜೋರಾಗಿ ಲೈಬ್ರರಿಯೊಳಗೆ ನಿಂತಿದ್ದೆ. ಕೈಗೆ ಸಿಕ್ಕಿದ ಐರಿಶ್ ಇತಿಹಾಸದ ಪುಸ್ತಕದಲ್ಲಿ ನನ್ನ ಬಸ್ ಸ್ಟಾಪಿನ ಹೆಸರು ಕಂಡಿತು. ಜೇಮ್ಸ್ ಬಟ್ಲರ್, ಆರ್ಮಂಡಿನ ಮೊದಲನೇ ಡ್ಯೂಕ್, ಹುಟ್ಟಿದ್ದು 1610, ಸತ್ತಿದ್ದು 1688. ಅವನ ಬಗ್ಗೆ ಬರೆದ ಪುಟಗಳಲ್ಲೆಲ್ಲ ಮತ್ತೆ ಮತ್ತೆ ಬರುತ್ತಿದ್ದ ಮಾತು ‘ನಿಷ್ಠೆ’. ಅಲ್ಲೇ ಕುರ್ಚಿ ಎಳೆದುಕೊಂಡು ಕೂತೆ.

ಬಟ್ಲರುಗಳು ನಾರ್ಮನ್ನರ ಕಾಲದಿಂದಲೂ ಐರ್ಲೆಂಡಿನಲ್ಲಿ ಬೇರು ಬಿಟ್ಟ ಮನೆತನ. ಕಿಲ್ಕೆನಿಯ ಕೋಟೆ ಅವರದು. ಆರ್ಮಂಡ್ ಎನ್ನುವುದು ಊರಿನ ಹೆಸರಲ್ಲ, ಐರಿಶ್ ಭಾಷೆಯಲ್ಲಿ ಪೂರ್ವ ಮನ್ಸ್ಟರ್ ಎಂಬ ಸೀಮೆಯ ಹೆಸರು ಇಂಗ್ಲಿಷರ ಬಾಯಲ್ಲಿ ಸವೆದು ಹಾಗಾದದ್ದು. ಇದನ್ನು ನನಗೆ ಹೇಳಿದ್ದು ಹತ್ತು ವರ್ಷದ ನನ್ನ ಮಗಳು. ಇಲ್ಲಿಯ ಶಾಲೆಯಲ್ಲಿ ಐರಿಶ್ ಕಲಿಯುವ ಅವಳು ಬೋರ್ಡಿನ ಮೇಲಿನ ಸಾಲು ಓದುತ್ತಾಳೆ, ನಾನು ಕೆಳಗಿನ ಇಂಗ್ಲಿಷ್ ಸಾಲು ಮಾತ್ರ ಓದುತ್ತೇನೆ.

ಹುಡುಗ ಜೇಮ್ಸ್ ಕಥೆ ಶುರುವಾಗುವುದೇ ಒಂದು ಜಮೀನು ವ್ಯಾಜ್ಯದಿಂದ. ಹತ್ತನೇ ಅರ್ಲ್ ಗಂಡು ಸಂತಾನವಿಲ್ಲದೆ ತೀರಿಕೊಂಡಾಗ ಪದವಿ ಅವನ ಅಣ್ಣನದೋ ತಮ್ಮನದೋ ಮಗನಾದ ವಾಲ್ಟರನಿಗೆ ಬಂತು. ಈ ವಾಲ್ಟರ್ ಜೇಮ್ಸನ ಅಜ್ಜ. ಕಟ್ಟಾ ಕ್ಯಾಥೊಲಿಕ್, ಕೈಯಲ್ಲಿ ಸದಾ ಜಪಮಾಲೆ, ಜನ ಅವನನ್ನು ಕರೆಯುತ್ತಿದ್ದದ್ದೇ ಜಪಮಾಲೆಯ ವಾಲ್ಟರ್ ಎಂದು. ಆದರೆ ಹತ್ತನೇ ಅರ್ಲನ ಮಗಳನ್ನು ದೊರೆ ಒಂದನೇ ಜೇಮ್ಸನ ಮೆಚ್ಚಿನ ಪ್ರೆಸ್ಟನ್ ಎಂಬವನು ಮದುವೆಯಾಗಿದ್ದ. ದೊರೆಯೇ ಪಂಚಾಯಿತಿಗೆ ಕೂತು ಆಸ್ತಿಯ ದೊಡ್ಡ ಪಾಲನ್ನು ಪ್ರೆಸ್ಟನ್ ಕಡೆಗೆ ಬರೆದ. ವಾಲ್ಟರ್ ಒಪ್ಪಲಿಲ್ಲ. ಒಪ್ಪದ ತಪ್ಪಿಗೆ ಲಂಡನ್ನಿನ ಫ್ಲೀಟ್ ಜೈಲಿನಲ್ಲಿ 1625ರವರೆಗೆ ಹಲವು ವರ್ಷ ಕೊಳೆತ. ಈ ನಡುವೆ, 1619ರಲ್ಲಿ, ವಾಲ್ಟರನ ಮಗ, ಅಂದರೆ ಜೇಮ್ಸನ ಅಪ್ಪ, ಇಂಗ್ಲೆಂಡಿಗೆ ಹೋಗುವ ದಾರಿಯಲ್ಲಿ ಹಡಗು ಮುಳುಗಿ ಸತ್ತ.

ಅಪ್ಪ ಇಲ್ಲದ, ಅಜ್ಜ ಜೈಲಿನಲ್ಲಿರುವ ಹುಡುಗ ಅರ್ಲ್ ಪದವಿಯ ಮುಂದಿನ ವಾರಸುದಾರ. ಅವನ ತಾಯಿಯೂ ಕ್ಯಾಥೊಲಿಕ್. ದೊರೆಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತಿರಲಿಲ್ಲ. ಹುಡುಗನನ್ನು ತಾಯಿಯ ಕೈಯಿಂದ ತೆಗೆದು, ಸರ್ಕಾರದ ಪಾಲನೆಯಲ್ಲಿಟ್ಟು, ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಾರ್ಜ್ ಆ್ಯಬಟ್ ಮನೆಗೆ ಕಳಿಸಿದ, ಪ್ರಾಟೆಸ್ಟೆಂಟನಾಗಿ ಬೆಳೆಸಲು. ಆ್ಯಬಟ್‌ಗೆ ಹುಡುಗನ ಖರ್ಚಿಗೆ ದುಡ್ಡು ಬರಲಿಲ್ಲ, ಹಾಗಾಗಿ ಅವನು ಓದಿನ ಬಗ್ಗೆ ತಲೆಕೆಡಿಸಿಕೊಳ್ಳಲೂ ಇಲ್ಲ. ಧರ್ಮ ಮಾತ್ರ ಚೆನ್ನಾಗಿ ಕಲಿಸಿದ. ಬಟ್ಲರ್ ಮನೆಯ ಮಕ್ಕಳಲ್ಲಿ ಪ್ರಾಟೆಸ್ಟೆಂಟ್ ಆದವನು ಈ ಜೇಮ್ಸ್ ಒಬ್ಬನೇ. ತಮ್ಮಂದಿರು, ತಂಗಿಯರು ಎಲ್ಲರೂ ತಾಯಿಯ ಧರ್ಮದಲ್ಲೇ ಉಳಿದರು.

ಅಜ್ಜ ಜೈಲಿನಿಂದ ಹೊರಬಂದಾಗ ಹುಡುಗನಿಗೆ ಹದಿನೈದು. ಲಂಡನ್ನಿನ ಡ್ರೂರಿ ಲೇನ್‌ನ ಮನೆಯಲ್ಲಿ ಅಜ್ಜ ಮೊಮ್ಮಗ ಒಟ್ಟಿಗೆ ಇದ್ದರು. ಜಪಮಾಲೆ ಹಿಡಿದ ಮುದುಕ, ಅವನ ಎದುರಿಗೆ ಇನ್ನೊಂದು ಧರ್ಮಕ್ಕೆ ಹೋದ ಮೊಮ್ಮಗ. ಊಟದ ಹೊತ್ತಿನಲ್ಲಿ ಅವರಿಬ್ಬರೂ ಏನು ಮಾತಾಡಿಕೊಂಡಿರಬಹುದು ಎಂದು ನಾನು ಬಸ್ಸಿನಲ್ಲಿ ಎಷ್ಟೋ ಸಲ ಯೋಚಿಸಿದ್ದೇನೆ. ಹುಡುಗ ಐರಿಶ್ ಭಾಷೆ ಕಲಿತದ್ದು ಆ ದಿನಗಳಲ್ಲಿ, ಲಂಡನ್ನಿನಲ್ಲಿ. ಸ್ವಂತ ಊರಿನ ಭಾಷೆಯನ್ನು ಪರಊರಿನಲ್ಲಿ, ಹದಿನೈದು ದಾಟಿದ ಮೇಲೆ ಕಲಿಯುವುದು. ನನ್ನ ಮಗಳು ಕನ್ನಡದ ಒತ್ತಕ್ಷರ ಬರೆಯುವಾಗ ನಾಲಿಗೆ ಹೊರಚಾಚಿ ಕೂರುವುದನ್ನು ನೋಡಿದರೆ ಈ ಸಂಗತಿ ನನಗೆ ನೆನಪಾಗುತ್ತದೆ.

1629ರ ಕ್ರಿಸ್ಮಸ್ ಹೊತ್ತಿಗೆ ಅವನು ಪ್ರೆಸ್ಟನ್ ಮಗಳು ಎಲಿಜಬೆತ್‌ಳನ್ನೇ ಮದುವೆಯಾದ. ಸಂಬಂಧದಲ್ಲೇ ಬರುವ ಹುಡುಗಿ. ಅಜ್ಜನನ್ನು ಜೈಲಿಗೆ ಹಾಕಿಸಿದ ವ್ಯಾಜ್ಯ ಹಸೆಮಣೆಯ ಮೇಲೆ ರಾಜಿಯಾಯಿತು, ಎರಡು ಪಾಲೂ ಒಂದಾದವು.

ಅವನ ಸ್ವಭಾವ ತೋರಿಸುವ ಪ್ರಸಂಗ 1634ರದು. ಐರ್ಲೆಂಡಿನ ವೈಸ್‌ರಾಯ್ ವೆಂಟ್‌ವರ್ತ್ ಗಟ್ಟಿ ಆಸಾಮಿ, ಎಲ್ಲರೂ ಅವನೆದುರು ನಡುಗುತ್ತಿದ್ದರು. ಪಾರ್ಲಿಮೆಂಟಿನಲ್ಲಿ ಜಗಳ ಆದೀತೆಂದು ಯಾರೂ ಕತ್ತಿ ಕಟ್ಟಿಕೊಂಡು ಬರಕೂಡದು ಎಂದು ಆಜ್ಞೆ ಮಾಡಿದ. ಬಾಗಿಲಲ್ಲಿ ನಿಂತ ಅಧಿಕಾರಿ ಇಪ್ಪತ್ತಮೂರರ ಆರ್ಮಂಡನ ಕತ್ತಿ ಕೇಳಿದ್ದಕ್ಕೆ, ಬೇಕಾದರೆ ನಿನ್ನ ಹೊಟ್ಟೆಗೆ ಕೊಡುತ್ತೇನೆ ಎಂಬರ್ಥದ ಮಾತು ಹೇಳಿ ಒಳಗೆ ಹೋಗಿ ಕೂತ. ಸಂಜೆ ವೆಂಟ್‌ವರ್ತ್ ಕರೆಸಿ ಗದರಿದಾಗ ಜೇಬಿನಿಂದ ದೊರೆಯ ಆಹ್ವಾನಪತ್ರ ತೆಗೆದು ತೋರಿಸಿದ. ಅರ್ಲ್ ಆದವನು ಕತ್ತಿ ಕಟ್ಟಿಕೊಂಡೇ ಸಭೆಗೆ ಬರಬೇಕು ಎಂದು ಅದರಲ್ಲಿತ್ತು. ವೆಂಟ್‌ವರ್ತ್ ಜಾಣ, ಇಂಥವನನ್ನು ಮುರಿಯುವುದಕ್ಕಿಂತ ತನ್ನವನಾಗಿ ಮಾಡಿಕೊಳ್ಳುವುದು ಮೇಲು ಎಂದು ಮಂತ್ರಿಮಂಡಲಕ್ಕೆ ಸೇರಿಸಿಕೊಂಡ. ಇದನ್ನು ಓದಿದಾಗ ನನಗೆ ಆರ್ಮಂಡ್ ಇಷ್ಟವಾಗಿಬಿಟ್ಟ. ಎದುರು ನಿಲ್ಲುವುದಕ್ಕೂ ಅವನಿಗೆ ದೊರೆಯ ಕಾಗದವೇ ಬೇಕಾಗಿತ್ತು ಎನ್ನುವುದು ಆಮೇಲೆ ಹೊಳೆಯಿತು.

ಭಾನುವಾರ ಸಂಜೆ ಅಪ್ಪನಿಗೆ ಫೋನ್ ಮಾಡುವುದು ನನ್ನ ವಾಡಿಕೆ. ಅಪ್ಪ ಹಾಸನ ಜಿಲ್ಲೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಗ್ರಾಮಲೆಕ್ಕಿಗರಾಗಿ ಇದ್ದವರು. ಪಹಣಿ, ಖಾತೆ, ಪೋಡಿ ಎಂದರೆ ಅವರಿಗೆ ಪ್ರಾಣ. ಪೌರತ್ವದ ವಿಷಯ ಹೇಳಿದ ದಿನದಿಂದ ಅವರ ಮಾತು ಸ್ವಲ್ಪ ಬಿಗಿಯಾಗಿತ್ತು. ಬೇಡ ಎಂದು ಹೇಳಲಿಲ್ಲ. ‘ಮಾಡ್ಕೊ ಪುಟ್ಟಿ, ಮಗೂಗೆ ಅನುಕೂಲ ಆಗುತ್ತೆ’ ಎಂದರು. ಆಮೇಲೆ ಹವಾಮಾನದ ಬಗ್ಗೆ ಮಾತಾಡಿದರು. ಬಿಗಿ ಸಡಿಲಿಸಲು ನಾನು ಆರ್ಮಂಡನ ಕಥೆಯನ್ನು ಕಂತು ಕಂತಾಗಿ ಹೇಳತೊಡಗಿದೆ. ಕತ್ತಿಯ ಪ್ರಸಂಗಕ್ಕೆ ಅಪ್ಪ ಜೋರಾಗಿ ನಕ್ಕರು.

ಮುಂದಿನ ಕಂತುಗಳಲ್ಲಿ ನಗು ಇರಲಿಲ್ಲ. 1641ರ ಅಕ್ಟೋಬರಿನಲ್ಲಿ ಐರ್ಲೆಂಡಿನ ಕ್ಯಾಥೊಲಿಕರು ದಂಗೆ ಎದ್ದರು. ದಂಗೆ ಅಡಗಿಸುವ ರಾಜಸೇನೆಗೆ ಆರ್ಮಂಡ್ ದಂಡನಾಯಕ. ಎದುರಿಗೆ ನಿಂತವರು ಯಾರು? ಬಟ್ಲರ್ ಮನೆತನದ ಹಿರಿಯ ಲಾರ್ಡ್ ಮೌಂಟ್‌ಗ್ಯಾರೆಟ್, ಒಡಹುಟ್ಟಿದ ತಮ್ಮ ಕಿಲ್‌ಕ್ಯಾಶ್‌ನ ರಿಚರ್ಡ್, ಊರಿನ ನೆಂಟರಿಷ್ಟರು. 1642ರಲ್ಲಿ ಈ ಕ್ಯಾಥೊಲಿಕ್ ಒಕ್ಕೂಟ ತನ್ನ ಸರ್ಕಾರ ಕಟ್ಟಿಕೊಂಡದ್ದು ಬೇರೆಲ್ಲೂ ಅಲ್ಲ, ಅವನದೇ ಕೋಟೆ ಇರುವ ಕಿಲ್ಕೆನಿಯಲ್ಲಿ. ಅದರ ಪರಿಷತ್ತಿನ ಅಧ್ಯಕ್ಷ ಮೌಂಟ್‌ಗ್ಯಾರೆಟ್. ಅದೇ ವರ್ಷದ ಏಪ್ರಿಲಿನಲ್ಲಿ ಕಿಲ್‌ರಷ್ ಎಂಬಲ್ಲಿ ಆರ್ಮಂಡ್ ಅದೇ ಮೌಂಟ್‌ಗ್ಯಾರೆಟನನ್ನು ಸೋಲಿಸಿದ್ದ.

ಆ ಒಕ್ಕೂಟದವರು ಕೂಡ ದೊರೆಗೆ ನಿಷ್ಠರೆಂದೇ ಆಣೆ ಮಾಡಿದ್ದರು. ದೇವರಿಗೆ, ದೊರೆಗೆ, ಐರ್ಲೆಂಡಿಗೆ ಎಂದು ಅವರ ಮುದ್ರೆಯ ಮೇಲೆ ಲ್ಯಾಟಿನ್ನಿನಲ್ಲಿ ಕೆತ್ತಿತ್ತು. ಎರಡು ಕಡೆಯವರೂ ದೊರೆಯ ಹೆಸರು ಹೇಳಿಕೊಂಡು ಹೊಡೆದಾಡುತ್ತಿದ್ದರು. ಅತ್ತ ಇಂಗ್ಲೆಂಡಿನಲ್ಲಿ ಆ ದೊರೆ, ಒಂದನೇ ಚಾರ್ಲ್ಸ್, ತನ್ನ ಪಾರ್ಲಿಮೆಂಟಿನ ಜೊತೆಗೇ ಯುದ್ಧಕ್ಕೆ ಇಳಿದಿದ್ದ. ಅವನಿಗೆ ಐರ್ಲೆಂಡಿನಿಂದ ಸೈನ್ಯ ಬೇಕು, ಹಾಗಾಗಿ ಕ್ಯಾಥೊಲಿಕರ ಜೊತೆ ಸಂಧಿ ಮಾಡು ಎಂದು ಆರ್ಮಂಡನಿಗೆ ಆಜ್ಞೆ. 1643ರಲ್ಲಿ ಕದನವಿರಾಮ, ಕೆಲವೇ ತಿಂಗಳಲ್ಲಿ ಆರ್ಮಂಡ್ ವೈಸ್‌ರಾಯ್. 1646ರ ಸಂಧಿಯನ್ನು ಪೋಪನ ರಾಯಭಾರಿ ರಿನುಚ್ಚೀನಿ ಮುರಿದುಹಾಕಿದ, ಒಪ್ಪಿದವರಿಗೆ ಧರ್ಮದಿಂದಲೇ ಬಹಿಷ್ಕಾರ ಎಂದ. 1647ರಲ್ಲಿ ಆರ್ಮಂಡನ ಕೈಯಲ್ಲಿ ಉಳಿದದ್ದು ಡಬ್ಲಿನ್, ಖಾಲಿ ಬೊಕ್ಕಸ, ಸಂಬಳವಿಲ್ಲದ ಸಿಪಾಯಿಗಳು. ಊರನ್ನು ಯಾರಿಗಾದರೂ ಬಿಟ್ಟುಕೊಡಲೇಬೇಕು. ಒಂದು ಕಡೆ ಅವನ ರಕ್ತಸಂಬಂಧಿಗಳು, ಇನ್ನೊಂದು ಕಡೆ ದೊರೆಯನ್ನು ಸೆರೆಯಲ್ಲಿಟ್ಟಿದ್ದ ಇಂಗ್ಲಿಷ್ ಪಾರ್ಲಿಮೆಂಟ್. ಅವನು ಡಬ್ಲಿನ್ನನ್ನು ಕೊಟ್ಟದ್ದು ಪಾರ್ಲಿಮೆಂಟಿಗೆ.

ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿಟ್ಟೆ. ಒಂದು ವಾರ ತೆರೆಯಲಿಲ್ಲ. ದೊರೆಯ ವೈರಿಗಳಿಗೆ ಊರು ಕೊಟ್ಟವನನ್ನು ದೊರೆನಿಷ್ಠ ಎನ್ನುವುದು ಹೇಗೆ? ಅವನ ಲೆಕ್ಕ ಬೇರೆ ಇತ್ತು. ಪಾರ್ಲಿಮೆಂಟಿಗೆ ಕೊಟ್ಟರೆ ಡಬ್ಲಿನ್ ಇಂಗ್ಲೆಂಡಿನ ಕೈಯಲ್ಲಿ, ಪ್ರಾಟೆಸ್ಟೆಂಟರ ಕೈಯಲ್ಲಿ ಉಳಿಯುತ್ತದೆ, ದೊರೆಗೆ ನಾಳೆ ಒಳ್ಳೆಯ ಕಾಲ ಬಂದರೆ ಊರೂ ವಾಪಸ್ ಬರುತ್ತದೆ. ನೆಂಟರ ಕೈಗೆ ಕೊಟ್ಟರೆ ಅದು ಪೋಪನ ಕೈಗೆ ಹೋದಂತೆ. ಲ್ಯಾಂಬೆತ್‌ನ ಬಿಷಪ್ ಮನೆಯಲ್ಲಿ ಹನ್ನೆರಡರ ಹುಡುಗನಿಗೆ ಕಲಿಸಿದ ಪಾಠ ಮೂವತ್ತಾರರಲ್ಲಿ ಫಲ ಕೊಟ್ಟಿತ್ತು ಎಂದೇ ನನಗೆ ಅನಿಸುತ್ತದೆ.

ಎರಡೇ ವರ್ಷದಲ್ಲಿ ಅವನು ಕೊಟ್ಟ ಊರನ್ನು ಮತ್ತೆ ಗೆಲ್ಲಲು ಅವನೇ ಬರಬೇಕಾಯಿತು. 1649ರ ಜನವರಿ 17ರಂದು ಕಿಲ್ಕೆನಿಯಲ್ಲಿ ಆರ್ಮಂಡ್ ಮತ್ತು ಒಕ್ಕೂಟದವರು ಕೊನೆಗೂ ಒಂದಾಗಿ ಸಂಧಿಗೆ ಸಹಿ ಹಾಕಿದರು. ಏಳು ವರ್ಷ ತಡವಾಗಿ. ಹದಿಮೂರು ದಿನ ಕಳೆದು, ಜನವರಿ 30ರಂದು, ಲಂಡನ್ನಿನಲ್ಲಿ ದೊರೆಯ ತಲೆ ಕಡಿದರು. ಆರ್ಮಂಡ್ ಸತ್ತ ದೊರೆಯ ಮಗನನ್ನು ಎರಡನೇ ಚಾರ್ಲ್ಸ್ ಎಂದು ಘೋಷಿಸಿ ಸೈನ್ಯ ತೆಗೆದುಕೊಂಡು ಡಬ್ಲಿನ್ನಿಗೆ ಬಂದ. ನನ್ನ ಗೆಳತಿಯೊಬ್ಬಳ ಮನೆ ಇರುವ ರಾತ್‌ಮೈನ್ಸ್ ಬಡಾವಣೆಯಲ್ಲಿ ಅವನ ಪಾಳೆಯ. ಊರಿಗೆ ಹತ್ತಿರದ ಬ್ಯಾಗಟ್‌ರಾತ್ ಎಂಬ ಪಾಳುಕೋಟೆಯನ್ನು ರಾತ್ರೋರಾತ್ರಿ ಭದ್ರಪಡಿಸಲು ಒಂದು ತುಕಡಿ ಕಳಿಸಿದ. ಕತ್ತಲಲ್ಲಿ ದಾರಿ ತಪ್ಪಿ ಅವರು ಮುಟ್ಟುವಷ್ಟರಲ್ಲಿ ಬೆಳಗಾಗುತ್ತ ಬಂದಿತ್ತು. ರಾತ್ರಿಯೆಲ್ಲ ಎಚ್ಚರ ಇದ್ದ ಆರ್ಮಂಡ್ ಬೆಳಿಗ್ಗೆ ಒಂದಿಷ್ಟು ಒರಗಿದ. ಅವನನ್ನು ಎಬ್ಬಿಸಿದ್ದು ಬಂದೂಕಿನ ಸದ್ದು. ಡಬ್ಲಿನ್ನಿನಲ್ಲಿದ್ದ ಪಾರ್ಲಿಮೆಂಟ್ ಕಡೆಯ ಮೈಕೆಲ್ ಜೋನ್ಸ್ ಹೊರಗೆ ಬಂದು ಬ್ಯಾಗಟ್‌ರಾತ್ ಹಿಡಿದು, ಪಾಳೆಯದ ಮೇಲೆ ಬಿದ್ದಿದ್ದ. ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು. ಅದು ಆಗಸ್ಟ್ 2. ಆಗಸ್ಟ್ 15ಕ್ಕೆ ಕ್ರಾಂವೆಲ್ ಅದೇ ಊರಿನ ಬಂದರಿಗೆ ಯಾವ ಅಡ್ಡಿಯೂ ಇಲ್ಲದೆ ಇಳಿದ. ಮುಂದೆ ದ್ರೊಹೆಡಾದಲ್ಲಿ, ವೆಕ್ಸ್‌ಫರ್ಡಿನಲ್ಲಿ ಏನಾಯಿತು ಎಂಬುದು ಇಲ್ಲಿಯ ಮಕ್ಕಳಿಗೂ ಗೊತ್ತು. ಈಗ ಬ್ಯಾಗಟ್ ಸ್ಟ್ರೀಟಿನಲ್ಲಿ ಕಚೇರಿಗಳು, ಕಾಫಿ ಅಂಗಡಿಗಳು. ನಾನು ಅಲ್ಲಿ ಎರಡು ವರ್ಷ ಕೆಲಸ ಮಾಡಿದ್ದೇನೆ.

1650ರ ಡಿಸೆಂಬರಿನಲ್ಲಿ ಆರ್ಮಂಡ್ ದೇಶ ಬಿಟ್ಟ. ಹತ್ತು ವರ್ಷ ದೊರೆಯಿಲ್ಲದ ದೊರೆಯ ಜೊತೆ ಊರೂರು ಅಲೆದ. ಪ್ಯಾರಿಸ್ಸಿನಲ್ಲಿ ನಾಲ್ಕಾರು ಜನರ ಜೊತೆ ಬಾಡಿಗೆ ಊಟದ ಮನೆಯಲ್ಲಿ ಉಣ್ಣುತ್ತಿದ್ದ, ಗಾಡಿಗೆ ಕಾಸಿಲ್ಲದೆ ನಡೆದೇ ತಿರುಗುತ್ತಿದ್ದ. ದೊಡ್ಡವರು ಪ್ಯಾರಿಸ್ಸಿನ ಬೀದಿಯಲ್ಲಿ ನಡೆಯುವುದು ಆಗ ಮರ್ಯಾದೆಯ ವಿಷಯವಾಗಿರಲಿಲ್ಲ. ಹೆಂಡತಿ ಎಲಿಜಬೆತ್ ಮಕ್ಕಳನ್ನು ಕಟ್ಟಿಕೊಂಡು ಇಂಗ್ಲೆಂಡಿಗೆ ಹೋಗಿ ಕ್ರಾಂವೆಲ್ಲನ ಮುಂದೆ ನಿಂತಳು. ತನ್ನ ತವರಿನಿಂದ ಬಂದ ಆಸ್ತಿ ಗಂಡನ ಅಪರಾಧಕ್ಕೆ ಮುಟ್ಟುಗೋಲು ಆಗಕೂಡದು ಎಂಬುದು ಅವಳ ವಾದ. ದಂಗೆಯ ಕಾಲದಲ್ಲಿ ಕಿಲ್ಕೆನಿ ಕೋಟೆಯೊಳಗೆ ಅವಳು ನಿರಾಶ್ರಿತ ಪ್ರಾಟೆಸ್ಟೆಂಟರಿಗೆ ಜಾಗ ಕೊಟ್ಟು ಕಾಪಾಡಿದ್ದಳು, ಅದು ಈಗ ನೆರವಿಗೆ ಬಂತು. ಕಿಲ್ಕೆನಿ ಹತ್ತಿರದ ಡನ್‌ಮೋರ್ ಮನೆಯೂ ಒಂದಿಷ್ಟು ಹುಟ್ಟುವಳಿಯೂ ಸಿಕ್ಕಿದವು, ಗಂಡನಿಗೆ ಒಂದು ಕಾಸೂ ಕಳಿಸಕೂಡದು ಎಂಬ ಷರತ್ತಿನ ಮೇಲೆ. ಗಂಡ ಹೆಂಡತಿ ವರ್ಷಗಟ್ಟಲೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆರ್ಮಂಡನ ನಿಷ್ಠೆಯ ಬಗ್ಗೆ ಬರೆದ ಪುಟಗಳ ಮುಂದೆ ಅವಳ ಈ ಹತ್ತು ವರ್ಷಕ್ಕೆ ಸಿಕ್ಕಿರುವ ಜಾಗ ತೀರಾ ಸ್ವಲ್ಪ.

1658ರಲ್ಲಿ ಆರ್ಮಂಡ್ ವೇಷ ಮರೆಸಿಕೊಂಡು ಲಂಡನ್ನಿಗೇ ಹೋಗಿ, ಕ್ರಾಂವೆಲ್ಲನ ಮೂಗಿನ ಕೆಳಗೆ ಕೆಲವು ದಿನ ಇದ್ದು ಬಂದ. ದೊರೆಯ ಪರ ಏಳಲು ಎಷ್ಟು ಜನ ತಯಾರಿದ್ದಾರೆ ಎಂದು ನೋಡಬೇಕಿತ್ತು. ಗುರುತು ಸಿಗದಿರಲೆಂದು ಕೂದಲಿಗೆ ಹಚ್ಚಿದ ಬಣ್ಣ ಕೈಕೊಟ್ಟು, ತಲೆ ಹಲವು ಬಣ್ಣವಾಯಿತೆಂದು ಅವನ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ನಲವತ್ತೇಳು ವರ್ಷದ ಮನುಷ್ಯ, ತಲೆ ಪತ್ತೆಯಾದರೆ ನೇಣು, ಕನ್ನಡಿಯ ಮುಂದೆ ನಿಂತು ಆ ಕೂದಲು ನೋಡಿಕೊಳ್ಳುತ್ತಿದ್ದಾನೆ. ಅಪ್ಪನಿಗೆ ಇದನ್ನು ಹೇಳಿದಾಗ ಅವರೂ ತಮ್ಮ ನಿವೃತ್ತಿಯ ಸನ್ಮಾನದ ಹಿಂದಿನ ದಿನ ತಲೆಗೆ ಬಣ್ಣ ಹಚ್ಚಿ ಪಟ್ಟ ಪಾಡು ನೆನಪಿಸಿಕೊಂಡರು.

1660ರಲ್ಲಿ ದೊರೆ ಗೆದ್ದು ಬಂದ. ಆರ್ಮಂಡನಿಗೆ ಎಲ್ಲವೂ ಬಂತು. ಡ್ಯೂಕ್ ಪದವಿ, ಅರಮನೆಯ ಮೇಲುಸ್ತುವಾರಿ, ಕಳೆದುಕೊಂಡ ಎಸ್ಟೇಟುಗಳು, ಮತ್ತೆ ಐರ್ಲೆಂಡಿನ ವೈಸ್‌ರಾಯ್‌ಗಿರಿ. ಐರಿಶ್ ಪಾರ್ಲಿಮೆಂಟ್ ಮೂವತ್ತು ಸಾವಿರ ಪೌಂಡ್ ಉಡುಗೊರೆ ಕೊಟ್ಟಿತು. ನಾನು ಈ ಕಂತನ್ನು ಸ್ವಲ್ಪ ಸಂಭ್ರಮದಿಂದಲೇ ಹೇಳಿದ್ದೆ. ಕಷ್ಟಪಟ್ಟವನಿಗೆ ಫಲ ಸಿಕ್ಕಿತಲ್ಲ ಎಂದು. ಅತ್ತ ಅಪ್ಪ ಸುಮ್ಮನಿದ್ದರು. ಫೋನ್ ಕಟ್ ಆಯಿತೇನೋ ಎಂದು ‘ಅಪ್ಪಾ?’ ಎಂದೆ.

‘ಅದೆಲ್ಲ ಸರಿ ಕಣೇ. ಅವನ ಜೊತೆ ನಿಂತಿದ್ದರಲ್ಲ, ಕೊನೇಲಿ ಸಂಧಿ ಮಾಡ್ಕೊಂಡ ಆ ನೆಂಟರು. ಅವರ ಜಮೀನು ಯಾರ ಹೆಸರಿಗೆ ಹೋಯ್ತು?’

ಮೂವತ್ತು ವರ್ಷ ಪಹಣಿ ಬರೆದವರ ಪ್ರಶ್ನೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಭಾನುವಾರ ಹೇಳುತ್ತೇನೆ ಎಂದೆ. ಆ ವಾರ ನಾನು ಓದಿದ್ದು ಯುದ್ಧದ ಅಧ್ಯಾಯಗಳನ್ನಲ್ಲ, ಕಾನೂನಿನ ಅಧ್ಯಾಯಗಳನ್ನು.

ಕ್ರಾಂವೆಲ್ ಕ್ಯಾಥೊಲಿಕರ ಜಮೀನು ಕಿತ್ತು ತನ್ನ ಸಿಪಾಯಿಗಳಿಗೂ ಯುದ್ಧಕ್ಕೆ ಸಾಲ ಕೊಟ್ಟ ಲಂಡನ್ನಿನ ವ್ಯಾಪಾರಿಗಳಿಗೂ ಹಂಚಿದ್ದ. ಹೊಸ ದೊರೆ ಬಂದಾಗ ಅವರನ್ನು ಎಬ್ಬಿಸುವ ಧೈರ್ಯ ಮಾಡಲಿಲ್ಲ. ಅವನನ್ನು ವಾಪಸ್ ಕರೆತಂದವರಲ್ಲಿ ಅವರೂ ಇದ್ದರು. ಹಳಬರಿಗೂ ಕೊಡಬೇಕು, ಹೊಸಬರನ್ನೂ ಬಿಡಿಸಬಾರದು. ಇರುವ ಜಮೀನು ಒಂದೇ. 1662ರಲ್ಲಿ ಒಂದು ಕಾಯ್ದೆ ಬಂತು. ಕ್ಯಾಥೊಲಿಕರು ತಮ್ಮ ಜಮೀನು ಬೇಕಾದರೆ ನ್ಯಾಯಾಲಯದ ಮುಂದೆ ತಾವು ‘ನಿರಪರಾಧಿ’ ಎಂದು ಸಾಬೀತು ಮಾಡಬೇಕು. ನಿರಪರಾಧಿ ಎಂದರೆ ಏನು ಎಂಬ ನಿಯಮಗಳನ್ನು ಓದಿದರೆ ಹೊಟ್ಟೆ ತೊಳಸುತ್ತದೆ. ಯುದ್ಧದ ಕಾಲದಲ್ಲಿ ಒಕ್ಕೂಟದ ಹಿಡಿತವಿದ್ದ ಪ್ರದೇಶದಲ್ಲಿ ನಿಮ್ಮ ಪಾಡಿಗೆ ನೀವು ನಿಮ್ಮ ಹೊಲ ಉಂಡುಕೊಂಡು ಇದ್ದಿರೋ, ಅಷ್ಟಕ್ಕೇ ನೀವು ನಿರಪರಾಧಿ ಅಲ್ಲ. ಹೊಲ ಬಿಟ್ಟು ಎಲ್ಲಿಗೆ ಹೋಗಬೇಕಿತ್ತೋ. ಆ ನ್ಯಾಯಾಲಯ 1663ರಲ್ಲಿ ಕೆಲವೇ ತಿಂಗಳು ಕೂತು, ಆಗಸ್ಟ್ ಹೊತ್ತಿಗೆ ಬಾಗಿಲು ಹಾಕಿತು. ಸಾವಿರಾರು ಅರ್ಜಿಗಳನ್ನು ತೆರೆದೂ ನೋಡಲಿಲ್ಲ. 1665ರ ಇನ್ನೊಂದು ಕಾಯ್ದೆ ಹೊಸಬರಿಂದ ಮೂರನೇ ಒಂದು ಪಾಲು ಬಿಡಿಸಿ ಕೆಲವರಿಗೆ ಕೊಟ್ಟಿತು, ಉಳಿದವರಿಗೆ ಬಾಗಿಲು ಶಾಶ್ವತವಾಗಿ ಮುಚ್ಚಿತು. 1641ರಲ್ಲಿ ಐರ್ಲೆಂಡಿನ ನೆಲದಲ್ಲಿ ಶೇ. 59ರಷ್ಟು ಕ್ಯಾಥೊಲಿಕರದಾಗಿತ್ತು. 1688ರಲ್ಲಿ, ಆರ್ಮಂಡ್ ಸತ್ತ ವರ್ಷ, ಶೇ. 22.

ಈ ಎಲ್ಲ ಕಾಲದಲ್ಲಿ ವೈಸ್‌ರಾಯ್ ಆರ್ಮಂಡ್. ಕಾಯ್ದೆ ಅವನೊಬ್ಬನೇ ಬರೆದದ್ದಲ್ಲ, ಲಂಡನ್ನಿನ ಒತ್ತಡ ಅವನ ಕತ್ತಿನ ಮೇಲಿತ್ತು. ತನ್ನ ಹತ್ತಿರದ ಹಲವರಿಗೆ ಅವನು ಜಮೀನು ಕೊಡಿಸಿದ, ಕಿಲ್‌ಕ್ಯಾಶ್‌ನ ತಮ್ಮನ ಮನೆ ಉಳಿಯಿತು. ಹೊಸಬರಿಗೂ ಅವನ ಮೇಲೆ ಸಿಟ್ಟು. ಜಮೀನು ಹೋಯಿತೆಂದು ರೊಚ್ಚಿಗೆದ್ದ ಥಾಮಸ್ ಬ್ಲಡ್ ಎಂಬವನು 1663ರಲ್ಲಿ ಡಬ್ಲಿನ್ ಕೋಟೆಯಲ್ಲೇ ಅವನನ್ನು ಹಿಡಿಯಲು ಸಂಚು ಮಾಡಿ ತಪ್ಪಿಸಿಕೊಂಡ. 1670ರ ಡಿಸೆಂಬರಿನ ಒಂದು ರಾತ್ರಿ ಅದೇ ಬ್ಲಡ್ ಲಂಡನ್ನಿನ ಸೇಂಟ್ ಜೇಮ್ಸ್ ಬೀದಿಯಲ್ಲಿ ಅರವತ್ತರ ಆರ್ಮಂಡನನ್ನು ಗಾಡಿಯಿಂದ ಎಳೆದು, ಕುದುರೆಯ ಮೇಲೆ ಒಬ್ಬನ ಹಿಂದೆ ಕಟ್ಟಿ, ಕಳ್ಳರನ್ನು ನೇಣಿಗೆ ಹಾಕುವ ಟೈಬರ್ನ್ ಕಡೆಗೆ ಹೊರಟ. ಮುದುಕ ಒದ್ದಾಡಿ ಸವಾರನ ಸಮೇತ ಕೆಸರಿಗೆ ಉರುಳಿ ಬದುಕಿಕೊಂಡ. ಮರುವರ್ಷ ಬ್ಲಡ್ ಲಂಡನ್ ಟವರಿನಿಂದ ದೊರೆಯ ಕಿರೀಟವನ್ನೇ ಕದಿಯಲು ಹೋಗಿ ಸಿಕ್ಕಿಬಿದ್ದ. ದೊರೆ ಅವನನ್ನು ಕ್ಷಮಿಸಿದ್ದಲ್ಲದೆ ವರ್ಷಕ್ಕೆ ಐನೂರು ಪೌಂಡ್ ಹುಟ್ಟುವಳಿಯ ಜಮೀನು ಕೊಟ್ಟ, ಅದೂ ಐರ್ಲೆಂಡಿನಲ್ಲಿ. ನೀನೂ ಕ್ಷಮಿಸು ಎಂದು ಆರ್ಮಂಡನಿಗೆ ಹೇಳಿಕಳಿಸಿದ. ದೊರೆಯೇ ತನ್ನ ಕಿರೀಟ ಕದ್ದದ್ದನ್ನು ಕ್ಷಮಿಸಿದ ಮೇಲೆ ನನ್ನ ಪ್ರಾಣ ತೆಗೆಯಲು ಬಂದದ್ದನ್ನು ನಾನು ಕ್ಷಮಿಸುವುದೇನು ಹೆಚ್ಚು ಎಂಬರ್ಥದ ಉತ್ತರ ಅವನದು. ನಿಷ್ಠೆಯ ಮಾತಿನಲ್ಲೇ ಎಷ್ಟು ಕಹಿ ಹೇಳಬಹುದೋ ಅಷ್ಟೂ ಅದರಲ್ಲಿದೆ.

ಮುಂದಿನ ಭಾನುವಾರ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರು ನಡುವೆ ಮಾತಾಡದೆ ಕೇಳಿದರು. ಬ್ಲಡ್‌ಗೆ ಜಮೀನು ಸಿಕ್ಕಿದ್ದನ್ನು ಎರಡು ಸಲ ಹೇಳಿಸಿಕೊಂಡರು. ‘ಖಾತೆ ಮಾಡೋವಾಗ ಯಾರೋ ಒಬ್ಬ ನನ್ನಂಥ ಲೆಕ್ಕಿಗ ಅಲ್ಲೂ ಇದ್ದಿರ್ತಾನೆ. ಬರ್ಕೊಂಡಿರ್ತಾನೆ’ ಎಂದರು. ಆಮೇಲೆ, ‘ಅವನು ಕೆಟ್ಟವನಲ್ಲ ಕಣೇ, ಆದ್ರೆ ಅವನ ನಂಬಿದವರಿಗೆ ಏನೂ ಉಳೀಲಿಲ್ಲ’ ಎಂದರು.

ಅಪ್ಪನ ಮಾತು ಸರಿಯೇ ಇರಬಹುದು. ನಾನು ಮಾತ್ರ ಇನ್ನೂ ತೀರ್ಮಾನಕ್ಕೆ ಬಂದಿಲ್ಲ. ಡಬ್ಲಿನ್ನಿನಲ್ಲಿ ನಾನು ಇಷ್ಟಪಡುವ ಎಷ್ಟೋ ಜಾಗಗಳಲ್ಲಿ ಅವನ ಕೈ ಇದೆ. ಭಾನುವಾರ ಮಗಳನ್ನು ಕರೆದುಕೊಂಡು ಹೋಗುವ ಫೀನಿಕ್ಸ್ ಪಾರ್ಕು ಅವನ ಕಾಲದಲ್ಲಿ ಆದದ್ದು, ಅಲ್ಲಿಯ ಚುಕ್ಕೆ ಜಿಂಕೆಗಳೂ ಆಗಲೇ ಬಂದವು. ವಯಸ್ಸಾದ ಸಿಪಾಯಿಗಳಿಗೆಂದು 1680ರಲ್ಲಿ ಕಿಲ್ಮೇನಮ್‌ನಲ್ಲಿ ಅವನು ಶಂಕುಸ್ಥಾಪನೆ ಮಾಡಿದ ಆಸರೆಮನೆ ಈಗ ಆಧುನಿಕ ಕಲೆಯ ವಸ್ತುಸಂಗ್ರಹಾಲಯ. ನದಿಗೆ ಬೆನ್ನು ಹಾಕಿ ಕಟ್ಟುತ್ತಿದ್ದ ಮನೆಗಳನ್ನು ನದಿಯ ಕಡೆಗೆ ಮುಖಮಾಡಿ ಕಟ್ಟಿ, ನಡುವೆ ದಂಡೆಯ ರಸ್ತೆ ಬಿಡಿ ಎಂದು ಕಟ್ಟಡದವರಿಗೆ ಹೇಳಿದವನೂ ಅವನೇ ಎನ್ನುತ್ತಾರೆ. ನನ್ನ ಬಸ್ ಸ್ಟಾಪು ಇರುವುದು ಆ ರಸ್ತೆಯಲ್ಲಿ.

ಕೊನೆಗಾಲ ಸುಖದ್ದಾಗಿರಲಿಲ್ಲ. 1680ರಲ್ಲಿ ಹಿರಿಮಗ ಆಸರಿ ತೀರಿಕೊಂಡ. ಬದುಕಿರುವ ಯಾರ ಮಗನ ಬದಲಿಗೂ ಸತ್ತ ನನ್ನ ಮಗನನ್ನು ಕೊಡೆನು ಎಂದು 69ರ ಅಪ್ಪ ಹೇಳಿದನಂತೆ. ಕ್ಯಾಥೊಲಿಕರು ದೊರೆಯನ್ನು ಕೊಲ್ಲಲು ಹೊಂಚುಹಾಕಿದ್ದಾರೆಂಬ ಸುಳ್ಳು ಸುದ್ದಿ ಇಂಗ್ಲೆಂಡಿನಲ್ಲಿ ಹುಚ್ಚಿನಂತೆ ಹಬ್ಬಿದಾಗ, ಐರ್ಲೆಂಡಿನ ಆರ್ಚ್‌ಬಿಷಪ್ ಆಲಿವರ್ ಪ್ಲಂಕೆಟ್ ಮೇಲೂ ಆರೋಪ ಹೊರಿಸಿದರು. ವೈಸ್‌ರಾಯ್ ಆರ್ಮಂಡನಿಗೆ ಆ ಸಾಕ್ಷಿಗಳ ಮೇಲೆ ಕಿಂಚಿತ್ತೂ ನಂಬಿಕೆ ಇರಲಿಲ್ಲ. ಆದರೂ ಪ್ಲಂಕೆಟನನ್ನು ಲಂಡನ್ನಿಗೆ ಸಾಗಿಸಿದರು, 1681ರ ಜುಲೈ 1ರಂದು ಟೈಬರ್ನಿನಲ್ಲಿ ನೇಣು ಹಾಕಿದರು. ಅವನ ತಲೆ ಈಗಲೂ ದ್ರೊಹೆಡಾದ ಚರ್ಚಿನಲ್ಲಿ ಗಾಜಿನ ಪೆಟ್ಟಿಗೆಯೊಳಗಿದೆ. ನಾನು ನೋಡಿದ್ದೇನೆ, ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಒಂದೇ ಒಂದು ಸಲ ಅವನು ದೊರೆಗೆ ಎದುರಾಗಿ ನಿಂತ. 1687ರಲ್ಲಿ, ವೈಸ್‌ರಾಯ್ ಪದವಿ ಹೋದ ಮೇಲೆ, ಎರಡನೇ ಜೇಮ್ಸ್ ದೊರೆ ಲಂಡನ್ನಿನ ಚಾರ್ಟರ್‌ಹೌಸ್ ಸಂಸ್ಥೆಗೆ ಕಾನೂನಿನ ಪ್ರಮಾಣವಚನ ಇಲ್ಲದೆ ಒಬ್ಬ ಕ್ಯಾಥೊಲಿಕನನ್ನು ಸೇರಿಸಿಕೊಳ್ಳಲು ಆಜ್ಞೆ ಮಾಡಿದ. ಆಡಳಿತ ಮಂಡಳಿಯಲ್ಲಿದ್ದ ಎಪ್ಪತ್ತಾರರ ಆರ್ಮಂಡ್ ಆಗದು ಎಂದ. ಮರುವರ್ಷ ಜುಲೈ 21ರಂದು ಡಾರ್ಸೆಟ್‌ನ ಕಿಂಗ್‌ಸ್ಟನ್ ಲೇಸಿಯಲ್ಲಿ ಸತ್ತ. ಐದು ತಿಂಗಳಲ್ಲಿ ಆ ದೊರೆಯೇ ಸಿಂಹಾಸನ ಬಿಟ್ಟು ಫ್ರಾನ್ಸಿಗೆ ಓಡಿದ. ಬದುಕಿದ್ದರೆ ಆರ್ಮಂಡ್ ಯಾರ ಕಡೆ ನಿಲ್ಲುತ್ತಿದ್ದ? ಧರ್ಮ ಒಂದು ಕಡೆ, ದೊರೆ ಇನ್ನೊಂದು ಕಡೆ. ಆ ಪ್ರಶ್ನೆಗೆ ಉತ್ತರ ಹೇಳುವ ಕಷ್ಟ ಅವನಿಗೆ ಬರಲಿಲ್ಲ.

ಕಿಲ್ಕೆನಿ ಕೋಟೆಗೆ ಈಚೆಗೆ ಹೋಗಿದ್ದೆವು. 1967ರಲ್ಲಿ ಬಟ್ಲರ್ ಮನೆತನದವರು ಅದನ್ನು ಊರಿನವರಿಗೆ ಐವತ್ತು ಪೌಂಡಿಗೆ ಬಿಟ್ಟುಕೊಟ್ಟರು. ಹುಲ್ಲಿನ ಮೇಲೆ ಮಕ್ಕಳು ಚೆಂಡಾಡುತ್ತಿದ್ದರು. ವಾಪಸ್ ಬರುವಾಗ ಕಾರಿನಲ್ಲಿ ಮಗಳು ಕಿಲ್‌ಕ್ಯಾಶ್‌ನ ಹಾಡಿನ ಬಗ್ಗೆ ಹೇಳಿದಳು. ಆರ್ಮಂಡನ ತಮ್ಮನ ಆ ಮನೆ, ಅಲ್ಲಿಯ ಕಾಡು ಕಡಿದುಹೋದ ದುಃಖದ ಐರಿಶ್ ಹಾಡು, ಇಲ್ಲಿಯ ಶಾಲೆಗಳಲ್ಲಿ ತಲೆಮಾರುಗಳಿಂದ ಮಕ್ಕಳು ಕಲಿಯುತ್ತ ಬಂದದ್ದು. ಡ್ಯೂಕನ ಮೇಲೆ ಅಂಥ ಹಾಡು ಇದೆಯಾ ಎಂದು ಕೇಳಿದೆ. ‘ನಮ್ಮ ಟೀಚರ್ ಹೇಳ್ಕೊಟ್ಟಿಲ್ಲ ಅಮ್ಮಾ’ ಎಂದಳು.

ನನ್ನ ಸಮಾರಂಭದ ದಿನಾಂಕ ಬಂದಿದೆ. ಅಪ್ಪನಿಗೆ ಹೇಳಿದೆ. ದೊಡ್ಡ ವಿಷಯವೇನೂ ಅಲ್ಲ ಎಂಬಂತೆ ಪಾಸ್‌ಪೋರ್ಟನ್ನು ಏನು ಮಾಡುತ್ತಾರೆ ಎಂದು ವಿಚಾರಿಸಿದರು.

‘ರದ್ದು ಅಂತ ಮುದ್ರೆ ಒತ್ತಿ, ಮೂಲೆ ಕತ್ತರಿಸಿ ವಾಪಸ್ ಕೊಡ್ತಾರಂತೆ ಅಪ್ಪ.’

‘ವಾಪಸ್ ಕೊಡ್ತಾರಾ? ಹಾಗಿದ್ರೆ ಎಸೀಬೇಡ, ಮುಂದಿನ ಸಲ ಬರೋವಾಗ ತಗೊಂಡು ಬಾ. ನಮ್ಮ ಹೊಲದ ಕಾಗದಪತ್ರದ ಜೊತೆ ಇಟ್ಟಿರ್ತೀನಿ.’